ಎತ್ತಿಗೆ ಸಂದ ಜರಿಪೇಟ

"ಗುರುಗಳೇ, ಮಠದ ಅಡಿಗೆಮನೆಯಲ್ಲಿ ಹೆಚ್ಚು ದುಡಿದವನಿಗೆ ಎಲ್ಲರೆದುರು ಒಂದು ಶಾಲು ಹೊದಿಸಿದರೆ ಕೆಲಸ ಇನ್ನೂ ಚುರುಕಾಗುವುದಿಲ್ಲವೇ?" ಎಂದು ಶಿಷ್ಯ ಚನ್ನವೀರ ಕೇಳಿದ. ಅಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವನು ಅವನೇ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಆಲೆಮನೆಯಿತ್ತು. ಅಲ್ಲಿ ಮೂವರು ಆಳುಗಳು. ಒಬ್ಬ ಗಾಣಕ್ಕೆ ಕಬ್ಬು ಕೊಡುವವನು, ಒಬ್ಬ ಒಲೆಗೆ ಉರಿ ಹಾಕುವವನು, ಇನ್ನೊಬ್ಬ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವವನು. ಹದದವನು 'ಸಾಕು' ಎಂದರೆ ಉರಿಯವನು ಉರಿ ತಗ್ಗಿಸುತ್ತಿದ್ದ. 'ತಾಳು' ಎಂದರೆ ಗಾಣದವನು ಎತ್ತು ನಿಲ್ಲಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಬೆಲ್ಲ ಬಂಗಾರದಂತೆ ಬರುತ್ತಿತ್ತು.

ರೈತನ ಮಗಳ ಮದುವೆ ಹತ್ತಿರ ಬಂತು. ಹೋಳಿಗೆಗೆ ಮನೆಯ ಬೆಲ್ಲವೇ ಆಗಬೇಕೆಂದು ಅವನ ಆಸೆ. ಉಳಿದದ್ದು ಎರಡು ಕೊಪ್ಪರಿಗೆಗೆ ಆಗುವಷ್ಟೇ ಕಬ್ಬು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡರಂತೆ! ಅವನು ಒಂದು ಜರಿಪೇಟ ತಂದು ಗೂಟಕ್ಕೆ ನೇತುಹಾಕಿ, "ಯಾರ ಕೆಲಸ ಹೆಚ್ಚೋ ಅವನಿಗೆ ಇದು" ಎಂದ.

ಆ ದಿನ ಗಾಣದವನು ಎತ್ತನ್ನು ನಿಲ್ಲಿಸಲೇ ಇಲ್ಲ. ಕಬ್ಬಿನ ಹಾಲು ತುಂಬಿ ನೆಲಕ್ಕೆ ಹರಿಯಿತು. ಹದದವನು "ಸಾಕೋ, ಸಾಕು!" ಎಂದು ಕೂಗಿಕೊಂಡರೆ ಉರಿಯವನು, 'ಪೇಟ ನನಗೆ ಸಿಕ್ಕೀತೆಂದು ಇವನಿಗೆ ಹೊಟ್ಟೆಕಿಚ್ಚು' ಎಂದುಕೊಂಡು ಒಲೆಗೆ ಇನ್ನಷ್ಟು ಸೌದೆ ತುಂಬಿದ. ಹದದವನೂ ಕಡಿಮೆಯವನಲ್ಲ. ಯಾರನ್ನೂ ಕರೆಯದೆ ತಾನೊಬ್ಬನೇ ಕೊಪ್ಪರಿಗೆ ಇಳಿಸಲು ಹೆಣಗಿದ. ಪಾಕ ಸೀದು ಗಾಡಿಯ ಕೀಲೆಣ್ಣೆಯಂತೆ ಕಪ್ಪಾಯಿತು.

ರೈತನಿಗೆ ಅಳು ಬಂತು. ಆಮೇಲೆ ತನ್ನ ಪೆದ್ದುತನಕ್ಕೆ ನಗುವೂ ಬಂತು. ಮರುದಿನ ಬೆಳಿಗ್ಗೆ ಆ ಪೇಟವನ್ನು ಗಾಣದ ಎತ್ತಿನ ಕೊಂಬಿಗೆ ಸುತ್ತಿ, "ನಿನ್ನೆ ಯಾರ ಮೇಲೂ ಮುನಿಸಿಕೊಳ್ಳದೆ ದುಡಿದವನು ಇವನೊಬ್ಬನೇ!" ಎಂದ.

ಎತ್ತು ಮದುಮಗನ ಗತ್ತಿನಲ್ಲಿ ಸುತ್ತು ಹಾಕಿತು. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕ ಮೇಲೆ 'ಸಾಕು' ಎಂದದ್ದು ಕೇಳಿಸಿತು, 'ತಾಳು' ಎಂದದ್ದೂ ಕೇಳಿಸಿತು. ಉಳಿದ ಕಬ್ಬಿನ ಕೊಪ್ಪರಿಗೆಯನ್ನು ಎಲ್ಲರೂ ಸೇರಿ ಇಳಿಸಿದರು. ಮದುವೆಯಲ್ಲಿ ಹೋಳಿಗೆ ತಿಂದವರು ಬೆರಳು ಚೀಪಿದರು.

ಕತೆ ಕೇಳಿ ಚನ್ನವೀರನೂ ನಕ್ಕ. "ಆದರೆ ಗುರುಗಳೇ, ನಮ್ಮವರು ಹಾಗಲ್ಲ. ಒಂದು ಶಾಲಿಗಾಗಿ ಇಲ್ಲಿ ಯಾರೂ ಹೊಟ್ಟೆಕಿಚ್ಚು ಪಡುವುದಿಲ್ಲ" ಎಂದ.

ಗುರುಗಳು ಹೇಳಿದರು: "ಹಾಗಿದ್ದರೆ ನಾಳೆಯೇ ಅದನ್ನು ಪಾತ್ರೆ ತೊಳೆಯುವ ಸಿದ್ದವ್ವನಿಗೆ ಹೊದಿಸಿಬಿಡೋಣ, ಆಗದೇ?"