ಭಾವನವರ ಪಂದ್ಯ, ನನ್ನ ಮುದ್ದೆ

ನನ್ನ ಗಂಡನ ಅಣ್ಣ ಮಂಡ್ಯದಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಹಬ್ಬಕ್ಕೆ ನಮ್ಮನೆಗೆ ಬಂದವರು ಟಿ.ವಿ. ಮುಂದೆ ಬಾಸ್ಕೆಟ್‌ಬಾಲ್ ವಿಡಿಯೋ ಗೇಮ್ ಹಿಡಿದು ಕೂತುಬಿಟ್ಟರು. "ಈ ಕಂಪ್ಯೂಟರನ್ನ ಸೋಲಿಸದೆ ಊಟಕ್ಕೆ ಏಳಲ್ಲ" ಅಂತ ಶಪಥ ಬೇರೆ. ಹಿರಿಯರು ಏಳದೆ ನಾವು ತಟ್ಟೆ ಮುಟ್ಟುವಂತಿಲ್ಲ. ಅಡುಗೆಮನೆಯಲ್ಲಿ ಬಿಸಿ ಬಿಸಿ ಮುದ್ದೆ ಕಟ್ಟಿಟ್ಟಿದ್ದೆ.

ಭಾವನವರದು ಒಂದೇ ಹಠ, ತಮ್ಮ ತಂಡದ ಐದೂ ಜನ ಮುನ್ನುಗ್ಗಬೇಕು. ಇವರ ಗುರಿ ತಪ್ಪಿದ್ದೇ ತಡ, ಕಂಪ್ಯೂಟರಿನವನು ಚೆಂಡು ಎತ್ತಿಕೊಂಡು ಓಡಿ, ಕಾವಲಿಲ್ಲದ ನಮ್ಮ ಬುಟ್ಟಿಗೆ ಹಾಕಿಬಿಡುತ್ತಿದ್ದ. ಪ್ರತಿ ಸಲವೂ ಅದೇ ಕಥೆ. "ಮೋಸ! ಮೋಸ!" ಅಂತ ಭಾವನವರ ಕೂಗಾಟ.

ನನಗೆ ತಲೆ ಕೆಟ್ಟುಹೋಯಿತು. ಎರಡನೇ ರಿಮೋಟು ಹಿಡಿದು, ಆ ಐವರಲ್ಲಿ ಒಬ್ಬನನ್ನು ನನ್ನ ಆಟಗಾರನನ್ನಾಗಿ ಮಾಡಿಕೊಂಡು ನಮ್ಮ ಬುಟ್ಟಿಯ ಕೆಳಗೇ ನಿಲ್ಲಿಸಿದೆ.

"ಜಲಜಾ, ಓಡಮ್ಮಾ! ಗೂಟದ ಹಾಗೆ ನಿಂತಿದ್ದೀಯಲ್ಲ!"

"ನೀವು ಓಡಿ ಭಾವ. ನಾನಿಲ್ಲೇ ಇರ್ತೀನಿ."

ಕಂಪ್ಯೂಟರಿನವನು ಓಡಿಬಂದ. ನನ್ನ ಆಟಗಾರನನ್ನು ಕಂಡು ತಡವರಿಸಿದ. ಅಷ್ಟರಲ್ಲಿ ನಮ್ಮ ನಾಲ್ವರೂ ವಾಪಸ್ಸು ಬಂದು ಅವನನ್ನು ಮುತ್ತಿಕೊಂಡರು. ಚೆಂಡು ನಮ್ಮದಾಯಿತು. ಆಮೇಲೆ ಅವನು ಎಷ್ಟು ಸಲ ಬಂದರೂ ಅದೇ ಗತಿ. ಕೊನೆಗೂ ಗೆದ್ದೆವು.

"ನೋಡಿದೆಯಾ ನನ್ನ ಆಟ?" ಅಂತ ಮೀಸೆ ತಿರುವುತ್ತಾ ಭಾವನವರು ಊಟಕ್ಕೆ ಕೂತರು. ಮುದ್ದೆ ಮುರಿಯಲು ಹೋದರೆ ಬೆರಳೇ ಇಳಿಯಲಿಲ್ಲ.

"ಏನಮ್ಮಾ ಇದು, ಕಲ್ಲಾಗಿದೆ! ಅಡುಗೆಮನೆ ಕಡೆ ಯಾರೂ ನೋಡಲೇ ಇಲ್ವಾ?"

"ಯಾರು ನೋಡ್ತಾರೆ ಭಾವ?" ಅಂದೆ. "ಈ ಮನೇಲಿ ಕಾವಲಿಗೆ ನಿಲ್ಲೋಳು ನಾನೊಬ್ಳೇ. ನಿಮ್ಮ ಬುಟ್ಟಿ ಕಾಯ್ತಾ ಇದ್ನಲ್ಲ!"