ಓಗೊಡದ ಗುಡ್ಡ

ಗುಂಡಮರಡಿಗೆ ಈಗ ಡಾಂಬರು ರಸ್ತೆಯಿದೆ. ಅದು ಗುಡ್ಡವನ್ನು ಬಳಸಿಕೊಂಡು ಬರುವುದರಿಂದ ಊರಿಗೆ ಬರುವವರು ಯಾರೂ ಗುಡ್ಡ ಹತ್ತಬೇಕಾಗಿಲ್ಲ. ಆದರೂ ಹತ್ತುತ್ತಾರೆ. ಶಾಲೆಯ ಮಕ್ಕಳ ಸಾಲು ಹಿಡಿದ ಮೇಷ್ಟ್ರುಗಳು, ಹೊಸದಾಗಿ ಮದುವೆಯಾದ ಜೋಡಿಗಳು, ಮೊಬೈಲು ಹಿಡಿದ ಪಡ್ಡೆಗಳು ಎಲ್ಲರೂ ತುದಿಯ ಚಪ್ಪಟೆ ಬಂಡೆಯ ಮೇಲೆ ನಿಂತು ತಮ್ಮ ತಮ್ಮ ಹೆಸರನ್ನೇ ಕೂಗಿಕೊಳ್ಳುತ್ತಾರೆ. ಸುತ್ತ ಮೂರು ಕಡೆ ಕುದುರೆಲಾಳದಂತೆ ಬಾಗಿ ನಿಂತ ಕಲ್ಲಿನ ಗೋಡೆ. ನ್ಯಾಯವಾಗಿ ನೋಡಿದರೆ ಕೂಗಿದ ಮಾತು ಮೂರು ಸಲವಾದರೂ ತಿರುಗಿ ಬರಬೇಕು. ಬರುವುದಿಲ್ಲ. ಕಲ್ಲಿನ ಶಾಸ್ತ್ರ ಓದಿದವರೊಬ್ಬರು ಬಂದು, ಬಂಡೆಯ ಬಿರುಕುಗಳನ್ನೆಲ್ಲ ಅಳೆದು, ಅವೇ ಸದ್ದನ್ನು ನುಂಗುತ್ತಿವೆ ಎಂದು ಹೇಳಿ ಹೋದರು. ಬುಡದಲ್ಲಿ ಸವತೆಕಾಯಿ ಮಾರುವ ಫಕೀರವ್ವನ ಶಾಸ್ತ್ರ ಇನ್ನೂ ಸರಳ. "ಎಷ್ಟ ಒದರಿದ್ರೂ ಗಂಟಲ ನೋಯತದ ಅಷ್ಟ, ಯಪ್ಪಾ. ಈ ಗುಡ್ಡಕ್ಕ ಒಂದ ಸಲ ಸಾಕಾಗಿ ಹೋಗೇದ" ಎಂದು ಆಕೆ ಉಪ್ಪು ಸವರಿದ ಸವತೆಕಾಯಿಯನ್ನು ಕೈಗಿಡುತ್ತಾಳೆ. ಯಾಕೆ ಸಾಕಾಯಿತು ಎಂದು ಕೇಳುವ ಪುರಸೊತ್ತು ಇದ್ದವರಿಗೆ ಮಾತ್ರ ಮುಂದಿನದು.

ಹಿಂದೆ ಒಮ್ಮೆ, ಯಾವ ಅರಸನ ಕಾಲವೆಂದು ಕೇಳಿದರೆ ಒಬ್ಬೊಬ್ಬರು ಒಬ್ಬೊಬ್ಬ ಅರಸನ ಹೆಸರು ಹೇಳುವಷ್ಟು ಹಿಂದೆ, ಈ ಊರೆಲ್ಲ ಬೀಸುಕಲ್ಲು ಕಡಿಯುವವರದಾಗಿತ್ತು. ಗುಡ್ಡದ ಇಳಿಜಾರಿನಲ್ಲಿ ಗಂಡಸರು ಬಂಡೆ ಸೀಳಿ ತುಂಡುಗಳನ್ನು ಕೆಳಗೆ ಉರುಳಿಸುವರು. ಕೆಳಗೆ ಹೆಂಗಸರು ಅವುಗಳನ್ನು ದುಂಡಗೆ ಕೆತ್ತುವರು. ಊರಿಗಿದ್ದ ಒಂದೇ ದಾರಿ ಗುಡ್ಡದ ತುದಿಯಿಂದ ಇದೇ ಇಳಿಜಾರಿನ ನಡುವೆ ಹಾದು ಇಳಿಯುತ್ತಿತ್ತು. ಹೀಗಾಗಿ ಅಲ್ಲಿ ಬದುಕು ಒಂದು ಅಕ್ಷರದ ಮೇಲೆ ನಿಂತಿತ್ತು. ಕಲ್ಲು ಉರುಳಿಸುವ ಮುನ್ನ ಮೇಲಿನವನು ಕೆಳಗಿನವರ ಹೆಸರು ಹಿಡಿದು ಕೂಗಬೇಕು. "ಓ" ಎಂಬ ಉತ್ತರ ಬಂದ ಮೇಲೆಯೇ ಕೈ ಬಿಡಬೇಕು. ಪರಸ್ಥಳದಿಂದ ಊರಿಗೆ ಮರಳಿದವರೂ ತುದಿಯಲ್ಲಿ ನಿಂತು ತಮ್ಮ ಮನೆಯ ಹಿರಿಯರನ್ನು ಕೂಗಬೇಕು. ಆ ಹಿರಿಯರು ಓಗೊಟ್ಟರೆ ಇಳಿಯಬೇಕು, ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು. ಬದುಕಿಗೆ ಇದ್ದ ಕಟ್ಟಳೆಯೇ ಸಾವಿಗೂ ಇತ್ತು. ಯಾರಾದರೂ ಸತ್ತರೆ ಮನೆಯ ಹಿರಿಯರು ಗುಡ್ಡ ಹತ್ತಿ ಸತ್ತವರ ಹೆಸರನ್ನು ಮೂರು ಸಲ ಕೂಗುತ್ತಿದ್ದರು. ಉತ್ತರ ಬರದಿದ್ದರೆ ಹೆಸರು ಮುಗಿಯಿತು. ಆಮೇಲೆ ಆ ದನಿ ಎಲ್ಲಿಂದ ಕೇಳಿದರೂ ಅದು ಕರೆದೊಯ್ಯಲು ಬಂದದ್ದು, ಯಾರೂ ಓಗೊಡಕೂಡದು. ಓಗೊಟ್ಟು, ಮುಗಿದ ಹೆಸರನ್ನು ಮತ್ತೆ ತೆರೆಯುವ ಅಧಿಕಾರವಿದ್ದದ್ದು ಒಬ್ಬರಿಗೆ ಮಾತ್ರ, ಅದನ್ನು ಮುಗಿಸಿದವರಿಗೆ. ಅದುವರೆಗೆ ಯಾರೂ ತೆರೆದದ್ದಿರಲಿಲ್ಲ. ತೆರೆಯಬೇಕಾದ ಸಂದರ್ಭ ಬರುತ್ತದೆಂದು ಯಾರು ತಾನೇ ಎಣಿಸಿದ್ದರು?

ಸಂಕವ್ವ ಆ ಊರಲ್ಲಿ ಹುಟ್ಟಿದವಳು. ಅವಳ ತಾಯಿ, ತವರಿಗೆ ಬಂದ ಅವಸರದಲ್ಲಿ, ಮನೆಯವರು ಓಗೊಡುವುದರೊಳಗೆ ದಾರಿಗಿಳಿದು ಉರುಳುಗಲ್ಲಿಗೆ ಸಿಕ್ಕಿ ಸತ್ತಿದ್ದಳು. ಸಂಕವ್ವನನ್ನೂ ತಂಗಿ ಬಾಳವ್ವನನ್ನೂ ಸಾಕಿದವಳು ತಾಯಿಯ ತಾಯಿ ದ್ಯಾವವ್ವ. ಮಕ್ಕಳು ಅವಳನ್ನು ಆಯಿ ಎನ್ನುತ್ತಿದ್ದರು. ಆಯಿ ದಿನಕ್ಕೊಮ್ಮೆಯಾದರೂ ಸಂಕವ್ವನ ಕಿವಿ ಹಿಂಡಿ, "ಓ ಅನ್ನೋತನಕ ಕಾಲ ಎತ್ತಿಡಬ್ಯಾಡ. ನಿಮ್ಮವ್ವಗ ಅವಸರಿತ್ತು, ನಿನಗ ಇಲ್ಲ" ಎನ್ನುತ್ತಿದ್ದಳಂತೆ. ಹಾಗೆ ಹಿಂಡಿಸಿಕೊಂಡ ಕಿವಿ ಹೊಳೆಯಾಚೆಯ ಊರಿಗೆ ಮದುವೆಯಾಗಿ ಹೋಯಿತು. ಮರುವರ್ಷ ಮಳೆಗಾಲದ ಮೊದಲಿಗೆ, ಗಂಡನ ಜೊತೆ ತವರಿಗೆ ಬರುತ್ತಿದ್ದಾಗ ನಡುಹೊಳೆಯಲ್ಲಿ ಹರಿಗೋಲು ಮಗುಚಿತು. ಗಂಡನ ಹೆಣ ಸಿಕ್ಕಿತು. ಅವಳದೆಂದು ಸಿಕ್ಕಿದ್ದು ಜಾಲಿಯ ಪೊದೆಗೆ ತೊಡರಿದ್ದ ಸೀರೆಯ ಗಂಟು ಮಾತ್ರ. ಅವಳನ್ನು ಹೊಳೆ ಬಹಳ ಕೆಳಗೆ ಒಯ್ದು, ತೊಡೆಯ ಎಲುಬು ಮುರಿದು, ಮೀನುಗಾರರ ಗುಡಿಸಲುಗಳ ಮುಂದೆ ಎಸೆದಿತ್ತು. ಆ ಜನ ಬಿದಿರುಕಟ್ಟು ಹಾಕಿ ಉಳಿಸಿಕೊಂಡರು. ನಡೆಯುವಂತಾಗಲು ಎಂಟು ತಿಂಗಳು ಹಿಡಿಯಿತು; ಅಷ್ಟು ದೂರದಿಂದ ಅದುವರೆಗೆ ಊರಿಗೆ ಸುದ್ದಿ ಮುಟ್ಟಿಸುವವರಿರಲಿಲ್ಲ.

ಕೋಲೂರಿಕೊಂಡು ಹೊಳೆ ದಾಟಲು ಬಂದವಳನ್ನು ಕಂಡು ಹರಿಗೋಲಿನ ತಿಪ್ಪಣ್ಣ ಮೊದಲು ನಾಲ್ಕು ಹೆಜ್ಜೆ ಹಿಂದೆ ಸರಿದ. ಅವಳು ನಡೆದದ್ದನ್ನೆಲ್ಲ ಹೇಳಿ ಹತ್ತಿ ಕುಳಿತ ಮೇಲೆ ಹರಿಗೋಲಿನ ಅಂಚು ನೋಡಿ ಸಮಾಧಾನ ಮಾಡಿಕೊಂಡ.

"ದೆವ್ವಾಗಿದ್ರ ಹರಗೋಲ ಇಷ್ಟ ಕುಸೀತಿದ್ದಿಲ್ಲ. ಮೀನಾ ತಿಂದು ಚೊಲೋ ತೂಕ ಆಗೀದಿ ಬಿಡವ್ವಾ."

"ಕುಂಟಿಗೆ ತೂಕ ಹೆಚ್ಚ, ಕಾಕಾ. ಹುಟ್ಟ ಹಾಕು. ನಮ್ಮಾಯಿ ಹೆಂಗದಾಳ?"

ತಿಪ್ಪಣ್ಣ ಹುಟ್ಟು ಹಾಕಿ ಹರಿಗೋಲನ್ನು ನಡುಹೊಳೆಗೆ ತಂದ. ಆಮೇಲೆ ಒಂದೊಂದೇ ಹೇಳಿದ. ಊರಲ್ಲಿ ಅವಳ ಹೆಸರು ಕೂಗಿ ಮುಗಿಸಿದ್ದಾರೆ. ಕೂಗಿದವಳು ಆಯಿಯೇ. ಮೂರನೆಯ ಕೂಗಿಗೆ ಗುಡ್ಡ ಮರುದನಿ ಕೊಟ್ಟಾಗ ಮುದುಕಿ, "ಅಗೋ, ಅಕಿ ಓ ಅಂದ್ಲು" ಎಂದು ಬಂಡೆಯ ಮೇಲೆ ಕುಳಿತೇಬಿಟ್ಟಳು. ಅದು ನಿನ್ನ ದನಿಯೇ ಎಂದು ಹೇಳಿ ಹೇಳಿ ಮಗ ಮುದ್ದಪ್ಪ ಅವಳನ್ನು ಹೊತ್ತು ಇಳಿಸಬೇಕಾಯಿತು. ಅಂದಿನಿಂದ ಮುದುಕಿ ಹಾಸಿಗೆ ಹಿಡಿದಿದ್ದಾಳೆ. ಇನ್ನು ಎರಡು ದಿನವೋ, ಮೂರು ದಿನವೋ. "ಲಗೂ ಹೋಗು. ಅಕಿ ಇರೋದ್ರಾಗ ಒಂದ ಸಲ ಓ ಅನಸಿಕೋ. ಅಕಿ ಹೋದ್ರ ನಿನ್ನ ಹೆಸರ ತಗಿಯಾಕ ಯಾರೂ ಉಳಿಯೂದಿಲ್ಲ" ಎಂದ. ಸಂಕವ್ವ ಸೋರೆಬುರುಡೆಯಲ್ಲಿ ಹೊಳೆಯ ನೀರು ತುಂಬಿಕೊಂಡಳು. ಸಾಯುವ ಬಾಯಿಗೆ ಹಿರಿಯ ಮೊಮ್ಮಗಳ ಕೈಯ ನೀರು ಬೀಳಬೇಕೆಂಬುದು ಅವರ ಮನೆಯ ನಡಾವಳಿ. ದಾರಿಯುದ್ದಕ್ಕೂ ಆಯಿ ಏನು ಬಯ್ಯಬಹುದೆಂದು ಯೋಚಿಸುತ್ತ ಹೋದಳು. ಬಯ್ದು ಮುಗಿದ ಮೇಲೆಯೇ ಆಯಿ ಅಳುವವಳು. ಅದು ಗೊತ್ತಿದ್ದುದರಿಂದ ಬೈಗುಳ ಎಷ್ಟು ಉದ್ದವಿದ್ದರೂ ಇವಳ ಅಭ್ಯಂತರವಿರಲಿಲ್ಲ.

ಹೊತ್ತು ನೆತ್ತಿಗೇರಿದಾಗ ತುದಿ ಮುಟ್ಟಿದಳು. ಕೆಳಗೆ ಅಂಗೈಯಲ್ಲಿಟ್ಟಂತೆ ಊರು, ಊರಲ್ಲಿ ತಮ್ಮ ಮನೆ, ಅಂಗಳದಲ್ಲಿ ಬೇವಿನ ನೆರಳಿಗೆ ಹಾಕಿದ ಹೊರಸು, ಹೊರಸಿನ ಮೇಲೆ ಒಂದು ಹಿಡಿಯಷ್ಟು ಆಯಿ. "ಆಯೀ, ನಾ ಸಂಕೀ, ಬಂದೀನೀ" ಎಂದು ಕೂಗಿದಳು. ಗುಡ್ಡ ಅದನ್ನು ಮೂರು ಸಲ ಹೇಳಿತು. ಇಳಿಜಾರಿನಲ್ಲಿ ಉಳಿಗಳ ಸದ್ದು ನಿಂತಿತು. ಕಲ್ಲು ಕಡಿಯುತ್ತಿದ್ದವರು ಉಳಿ ಸುತ್ತಿಗೆ ಬಿಟ್ಟು ಊರಿನ ಕಡೆ ಓಡಿದರು. ಎರಡನೆಯ ಕೂಗಿಗೆ ಹೆಂಗಸರು ಮಕ್ಕಳನ್ನು ಬಾಚಿಕೊಂಡು ಒಳಸೇರಿ ಬಾಗಿಲು ಹಾಕಿಕೊಂಡರು. ಇವಳು ಕೋಲು ಎತ್ತಿ ಆಡಿಸಿದಳು, ನಕ್ಕಳು, ತನ್ನ ಕುಂಟು ಕಾಲನ್ನು ತಟ್ಟಿ ತೋರಿಸಿದಳು. ಬದುಕಿದ್ದೇನೆಂದು ತೋರಿಸಲು ಬದುಕಿರುವವರಿಗೆ ಅದಕ್ಕಿಂತ ಹೆಚ್ಚಿನದೇನೂ ತೋಚುವುದಿಲ್ಲ. ಮೂರನೆಯ ಕೂಗಿಗೆ ಹೊರಸಿನ ಮೇಲಿನ ತಲೆ ಎದ್ದಿತು. ಸಂಕವ್ವ ಉಸಿರು ಬಿಗಿಹಿಡಿದು ಕಿವಿಯಾದಳು. ಮುದ್ದಪ್ಪ ಓಡಿಬಂದು ಹೊರಸಿನ ಮೇಲೆ ಬಾಗಿದ್ದು, ಅವನ ಕೈ ಆಯಿಯ ಮುಖದ ಮೇಲೆ ಆಡಿದ್ದು ಕಂಡಿತು. ಮಾವ ಬೆವರು ಒರೆಸುತ್ತಿದ್ದಾನೆ ಎಂದುಕೊಂಡಳು.

ಅಲ್ಲಿ ನಡೆದದ್ದೇ ಬೇರೆ. ಅದು ಊರಿಗೆ ತಿಳಿದದ್ದು, ಹೊರಸಿನ ಪಕ್ಕದಲ್ಲಿದ್ದ ಬಾಳವ್ವನ ಬಾಯಿಂದ, ಬಹಳ ವರ್ಷಗಳ ಮೇಲೆ. ದ್ಯಾವವ್ವ ಓಗೊಡಲು ಬಾಯಿ ತೆರೆದಿದ್ದಳು.

"ಬ್ಯಾಡವ್ವಾ, ನಿನ್ನ ಕರಕೊಂಡ ಹೋಗಾಕ ಬಂದಾಳ" ಎಂದ ಮುದ್ದಪ್ಪ.

"ಹಂಗಿದ್ರ ಇನ್ನೂ ಚೊಲೋ ಆತು. ಬಿಡೋ, ಕರದಾಳ ಅಕಿ."

ಅವನು ಬಿಡಲಿಲ್ಲ. ತಾಯಿಯ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಮಗ. ಬಂಡೆ ಸೀಳುವ ಅಂಗೈಯನ್ನು ಆ ಬಾಯಿಯ ಮೇಲೆ ಒತ್ತಿ ಹಿಡಿದ. ಮುದುಕಿ ಆ ಕೈಯನ್ನು ಕಚ್ಚಿದಳಂತೆ. ಹಲ್ಲಿರಲಿಲ್ಲ.

ಮೇಲೆ ಸಂಕವ್ವ ಕೂಗುತ್ತಲೇ ಇದ್ದಳು. ಒಮ್ಮೆ ತಾಳಲಾರದೆ ದಾರಿಗೆ ಒಂದು ಹೆಜ್ಜೆ ಇಟ್ಟಳು. ಅಷ್ಟಕ್ಕೇ ಅಂಗಳದಲ್ಲಿ ಕೋಲಾಹಲವೆದ್ದಿತು. ನಾಲ್ವರು ಹೊರಸನ್ನು ಎತ್ತಿ ಒಳಗೊಯ್ಯಲು ಹೋದರು, ಒಬ್ಬನು ಗುಡ್ಡದತ್ತ ನೋಡಿ ಕೈಬಿಟ್ಟು ಓಡಿದ, ಹೊರಸು ವಾಲಿತು. ಇವಳು ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ತಾನು ಇಳಿದರೆ ಇವರು ಆಯಿಯನ್ನು ನೆಲಕ್ಕೆ ಹಾಕಿ ಊರು ಬಿಡುತ್ತಾರೆ. ಆಯಿ ಹಾಗೆ ಸಾಯಬಾರದು. ಹೊತ್ತು ಮುಳುಗುವ ಹೊತ್ತಿಗೆ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಬುರುಡೆಯಲ್ಲಿ ನೀರಿತ್ತು; ಅದು ತನ್ನ ಗಂಟಲಿಗೆ ತಂದದ್ದಲ್ಲವೆಂದು ಮುಟ್ಟಲಿಲ್ಲ.

ಬೆಳಗಾಗುತ್ತಲೇ ಅಂಗಳದಲ್ಲಿ ಜನ ಸೇರಿದ್ದು ಕಂಡಿತು. ಒಲೆಯ ಮೇಲೆ ದೊಡ್ಡ ಹಂಡೆ ಇಟ್ಟಿದ್ದರು. ಯಾರೂ ಅವಸರ ಮಾಡುತ್ತಿರಲಿಲ್ಲ. ಆ ಸಾವಕಾಶ ನೋಡಿಯೇ ಸಂಕವ್ವನಿಗೆ ಎಲ್ಲ ತಿಳಿಯಿತು. ಸಾಕಿದವಳ ಮಣ್ಣನ್ನು ಅವಳು ನೋಡಿದ್ದು ಹದ್ದು ನೋಡುವಂತೆ, ಮೇಲಿನಿಂದ, ಸದ್ದಿಲ್ಲದೆ. ಕರೆಯಲು ಬಂದದ್ದು ಕರೆದೊಯ್ದಾಯಿತೆಂದು ಅಂಜಿಕೆ ಬಿಟ್ಟು, ಮಣ್ಣು ಮಾಡಿದವರು ಹೆಸರು ಮುಗಿಸಲು ಗುಡ್ಡ ಹತ್ತತೊಡಗಿದಾಗ, ತನ್ನನ್ನು ಕಂಡರೆ ಅರ್ಧಕ್ಕೇ ಬಿಟ್ಟು ಓಡಿಯಾರೆಂದು ಬಂಡೆಯ ಹಿಂದೆ ಸರಿದು ಕುಳಿತಳು. ಈಗ ಮನೆಗೆ ಮುದ್ದಪ್ಪನೇ ಹಿರಿಯ. "ದ್ಯಾವವ್ವಾ" ಎಂದು ಕೂಗಿದ. ಗುಡ್ಡ ಕೂಗಿತು. ಇವಳು ಐದು ಮಾರು ದೂರದಲ್ಲಿದ್ದಳು. ಒಮ್ಮೆ ಓ ಎಂದುಬಿಟ್ಟರೆ ಕ್ರಿಯೆ ಕೆಟ್ಟು, ಆಯಿಯೂ ತನ್ನ ಹಾಗೆ ಅಲ್ಲಿಯೂ ಇಲ್ಲದೆ ಇಲ್ಲಿಯೂ ಇಲ್ಲದೆ ನಡುವೆ ನಿಲ್ಲಬೇಕಾಗುತ್ತಿತ್ತು. ನೀರು ಹನಿಸುವ ಋಣ ತಪ್ಪಿತ್ತು, ಹಿಡಿ ಮಣ್ಣಿನ ಋಣ ತಪ್ಪಿತ್ತು. ಮೊಮ್ಮಗಳಾಗಿ ಮಾಡಲು ಉಳಿದಿದ್ದ ಸೇವೆಯೆಂದರೆ ಬಾಯಿ ಮುಚ್ಚಿಕೊಂಡಿರುವುದೊಂದೇ. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎರಡು ಸಲ, ಮೂರು ಸಲ. "ಮುಗೀತು" ಎಂದ ಮುದ್ದಪ್ಪ. ಅವರು ಬೆನ್ನು ತಿರುಗಿಸಿದಾಗ ಸಂಕವ್ವ ಎದ್ದು, ಕುಂಟುತ್ತ, ಗುಡ್ಡದ ಆಚೆಯ ಮಗ್ಗುಲಿಗೆ ಇಳಿದಳು.

ಬಂಡೆಯ ಬುಡದಲ್ಲಿದ್ದ ಬುರುಡೆಯನ್ನು ಕಂಡವಳು ಬಾಳವ್ವ. ಎತ್ತಿ ಅಲುಗಿಸಿದಳು. ಮುದ್ದಪ್ಪ ಅದನ್ನು ಕಿತ್ತುಕೊಂಡು ಅಂಗೈಗೆ ಸುರಿದು ನೋಡಿದ. ನೀರು. ದೆವ್ವಗಳು ಏನೇನೋ ಹೊರುತ್ತವೆಂದು ಕೇಳಿದ್ದರು. ಸಾಯುವ ಬಾಯಿಗೆಂದು ಹೊಳೆಯ ನೀರು ಹೊರುವುದನ್ನು ಯಾರೂ ಕೇಳಿರಲಿಲ್ಲ. ಪಕ್ಕದ ಧೂಳಿನಲ್ಲಿ ಕೋಲಿನ ಗುರುತು, ಒಂದು ಕಾಲು ಎಳೆದ ಗುರುತು. "ಮಾವಾ, ಅಕ್ಕ ಜೀವಂತ ಇದ್ದಳೋ" ಎಂದು ಬಾಳವ್ವ ಎದೆ ಎದೆ ಬಡಿದುಕೊಂಡಳು. ಮುದ್ದಪ್ಪ ಕೂಗಿದ. ಮೂರು ಸಲವಲ್ಲ, ನೂರು ಸಲ. ಬಂದವರೆಲ್ಲ ಕೂಗಿದರು. ಅದು ಸಂಕವ್ವನಿಗೆ ಕೇಳಿಸಿತು. ಬಾಯಿಯವರೆಗೂ ಉತ್ತರ ಬಂತು. ಆದರೆ ಆ ಹೆಸರನ್ನು ಮುಗಿಸಿದವಳು ಮಣ್ಣಿನಲ್ಲಿದ್ದಳು, ಇನ್ನು ಅದನ್ನು ತೆರೆಯುವವರಿಲ್ಲ. ತನ್ನದಲ್ಲದ ಹೆಸರಿಗೆ ಯಾರಾದರೂ ಓಗೊಡುತ್ತಾರೆಯೇ? ಅವಳು ನಡೆದಳು. ಅಷ್ಟೊಂದು ಜನ ಅಷ್ಟು ಹೊತ್ತು ಕೂಗಿದರೂ ಅಂದು ಗುಡ್ಡವೂ ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ಇಂದಿನವರೆಗೂ ಅಂದಿಲ್ಲ ಎನ್ನುತ್ತಾರೆ.

ಅವಳು ಎಲ್ಲಿಗೆ ಹೋದಳೆಂಬುದು ಯಾರಿಗೂ ತಿಳಿಯದು. ಹೊಳೆಗೆ ಹೋದಳೆನ್ನುವವರಿದ್ದಾರೆ. ದೇವಿಯಾಗಿ ಗುಡ್ಡದಲ್ಲೇ ನೆಲೆಸಿದಳೆನ್ನುವವರೂ ಇದ್ದಾರೆ. ಕಾಣೆಯಾದ ಹೆಂಗಸನ್ನು ಹುಡುಕುವುದಕ್ಕಿಂತ ದೇವಿ ಮಾಡುವುದು ಯಾವಾಗಲೂ ಸುಲಭದ ಕೆಲಸ. ಮುದ್ದಪ್ಪ ಮತ್ತೆ ಉಳಿ ಹಿಡಿಯಲಿಲ್ಲ. ಕೂಗು ಮರಳಿ ಬಾರದ ಗುಡ್ಡದಲ್ಲಿ ಕಲ್ಲು ಉರುಳಿಸಲು ಉಳಿದವರಿಗೂ ಧೈರ್ಯ ಬರಲಿಲ್ಲ, ಕೆಲಸ ನಿಂತೇಹೋಯಿತು. ಅರ್ಧ ಕಡಿದು ಬಿಟ್ಟ ಬೀಸುಕಲ್ಲುಗಳು ಇಳಿಜಾರಿನ ತುಂಬ ಬಿದ್ದಿವೆ. ನೋಡಲು ಬಂದವರು ಅವುಗಳ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಹೊತ್ತು ಇಳಿದು ಅವರೆಲ್ಲ ಕೂಗಿ ದಣಿದು ಹೊರಟ ಮೇಲೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತವರಿಗೆ ಇನ್ನೊಂದು ಕಾಣುತ್ತದೆ. ಕೆಳಗೆ, ಊರಿನ ಕಡೆಯ ಸಾಲಿನ ಮನೆಗಳಲ್ಲಿ, ವಯಸ್ಸಾದ ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬರುತ್ತಾರೆ. ಗುಡ್ಡದತ್ತ ಮುಖ ಮಾಡಿ, ಯಾರೂ ಕರೆಯದಿದ್ದರೂ, ಗಂಟಲೆತ್ತಿ ಒಂದೇ ಒಂದು ಸಲ "ಓ" ಎನ್ನುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ನಿಂತು, ದಾರಿಯಲ್ಲಿ ಯಾರೂ ಇಳಿದು ಬರದಿರುವುದನ್ನು ನೋಡಿ, ಒಳಗೆ ಹೋಗುತ್ತಾರೆ.