ಬೂದಿಯ ಪಾಲು

ಹಿತ್ತಲ ಗೂಡಿನಲ್ಲಿದ್ದ ಬೂದಿ ಎಂಬ ಹೇಂಟೆಯ ಅಂಗಾಲು ಕೀವು ತುಂಬಿ ಬಾತುಕೊಂಡಿತ್ತು. ಕಾಳು ಎರಚಿದ ಕಡೆಗೆ ಅದು ಕುಂಟುತ್ತ ಹೋಗುವಷ್ಟರಲ್ಲಿ ನೆಲ ಬರಿದಾಗಿರುತ್ತಿತ್ತು. ಹಸಿವಿನಿಂದ ಕಂಗೆಟ್ಟ ಬೂದಿಯನ್ನು ಜುಟ್ಟಿ ಎಂಬ ಇನ್ನೊಂದು ಹೇಂಟೆ ಒಂದು ದಿನ ಮೊಟ್ಟೆಯಿಡುವ ಬುಟ್ಟಿಯ ಬಳಿಗೆ ಕರೆಯಿತು. ಅಲ್ಲಿ ಒಡೆದ ಮೊಟ್ಟೆಯೊಂದಿತ್ತು.

"ತಿನ್ನು ತಂಗಿ. ಯಾರಿಗೂ ಹೇಳಬೇಡ," ಎಂದಿತು ಜುಟ್ಟಿ.

ಮೊಟ್ಟೆ ತಾನಾಗಿ ಒಡೆದದ್ದಲ್ಲವೆಂದು ಬೂದಿಗೆ ಗೊತ್ತಾಯಿತು. ಆದರೂ ತಿಂದಿತು. ಮರುದಿನವೂ ತಿಂದಿತು. ಮೊಟ್ಟೆ ಕಳೆದುಕೊಂಡ ಕೋಳಿಗಳು ಗೋಳಾಡುತ್ತ ಬಂದು ಕೇಳಿದಾಗ, "ನಾನು ಕುಂಟಿ, ಮೂಲೆಯಲ್ಲಿ ಬಿದ್ದವಳಿಗೆ ಏನು ಕಂಡೀತು?" ಎಂದು ಮುಖ ತಿರುಗಿಸಿತು.

ಬರಬರುತ್ತ ಬೂದಿಯ ಮೈಗೆ ಕಸುವು ಬಂತು. ಕಾಲಿನ ನೋವು ನುಂಗಿಕೊಂಡು ಬುಟ್ಟಿ ಹತ್ತಿ, ಬಹುಕಾಲದ ಮೇಲೆ ಒಂದು ಮೊಟ್ಟೆ ಇಟ್ಟಿತು. ಕಾವಿಗೆ ಕೂತು ಮರಿ ಮಾಡಬೇಕೆಂದು ಆಸೆಪಡುತ್ತ ನೀರು ಕುಡಿಯಲು ಇಳಿದುಹೋಯಿತು. ಕುಂಟುತ್ತ ಮರಳಿದಾಗ ಬುಟ್ಟಿಯ ಬಳಿ ಜುಟ್ಟಿ ನಿಂತಿತ್ತು.

"ಬಾ ತಂಗಿ, ನಿನ್ನ ಪಾಲು ಉಳಿಸಿದ್ದೇನೆ."

ಒಡೆದ ಚಿಪ್ಪು ಇನ್ನೂ ಬೆಚ್ಚಗಿತ್ತು.

"ಅಕ್ಕಾ, ಇದು ಯಾರ ಮೊಟ್ಟೆ?" ಎಂದು ಕೇಳಿತು ಬೂದಿ.

"ಇಷ್ಟು ದಿನ ನೀನು ಕೇಳಿದವಳೇ ಅಲ್ಲವಲ್ಲ," ಎಂದಿತು ಜುಟ್ಟಿ, ಕೊಕ್ಕು ಒರೆಸಿಕೊಳ್ಳುತ್ತ.